ಹಾರ್ಡ್ ಮುಟ್ಟದಿದ್ದರೆ ಹೊಟ್ಟೆ ಸೇಫಾ?

"ಕಲಿ ಅಂದ್ರೆ ಮರದ್ದು ಮಾರಾಯ, ಹೊಟ್ಟೆಗೆ ತಂಪು." ನಮ್ಮ ತೋಡಾರು ಕಡೆ ಈ ಮಾತು ಕೇಳದೆ ದೊಡ್ಡವರಾದವರು ಕಡಿಮೆ. (ಕಳ್ಳಿಗೆ ತುಳುವಿನಲ್ಲಿ ಕಲಿ ಅಂತಾರೆ.) ಬೆಂಗಳೂರು ಸೇರಿದ ಮೇಲೆ ಅದೇ ಮಾತು ವೇಷ ಬದಲಿಸುತ್ತದೆ: ಬಿಯರ್ ಬಾರ್ಲಿಯದ್ದು, ರೆಡ್ ವೈನ್ ದ್ರಾಕ್ಷಿಯದ್ದು, ಹಾರ್ಡ್ ಮುಟ್ಟದಿದ್ದರೆ ಸಾಕು.

ಹೊಟ್ಟೆಯ ಲೆಕ್ಕವೇ ಬೇರೆ. ಜಠರದ ಒಳಗೋಡೆಯ ಮೇಲೆ ತೆಳ್ಳಗೆ ಒಂದು ಲೋಳೆಯ ಪದರ ಇದೆ. ಊಟ ಅರಗಿಸುವ ಆಮ್ಲ ಗೋಡೆಯನ್ನೇ ತಿನ್ನದಂತೆ ಕಾಯುವುದು ಅದು. ವಿಸ್ಕಿ, ರಮ್ಮು ಖಾಲಿ ಹೊಟ್ಟೆಗೆ ರಾ ಆಗಿ ಇಳಿದರೆ ಈ ಪದರಕ್ಕೆ ನೇರ ಏಟು. ಇಷ್ಟು ಎಲ್ಲರಿಗೂ ಗೊತ್ತು.

ಬಿಯರಿನ ದಾರಿ ಬೇರೆ. 1990ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಬೇರೆ ಬೇರೆ ಮದ್ಯ ಕೊಟ್ಟು ಹೊಟ್ಟೆಯ ಆಮ್ಲ ಅಳೆದರು. ಬಟ್ಟಿ ಇಳಿಸಿದ ಮದ್ಯ ಆಮ್ಲವನ್ನು ಹೆಚ್ಚಿಸಲಿಲ್ಲ. ಬರೀ ಹುದುಗಿಸಿದ ಬಿಯರ್, ವೈನ್ ಚೆನ್ನಾಗಿಯೇ ಹೆಚ್ಚಿಸಿದವು. ಬಿಯರ್ ಅಂತೂ ಹೊಟ್ಟೆ ಸುರಿಸಬಲ್ಲ ಗರಿಷ್ಠ ಆಮ್ಲದ ಹತ್ತಿರಕ್ಕೇ ಒಯ್ದಿತು. ಕಾರಣ ಆಲ್ಕೋಹಾಲ್ ಅಲ್ಲ, ಹುದುಗುವಾಗ ಹುಟ್ಟುವ ಸಕ್ಸಿನಿಕ್, ಮೇಲಿಕ್ ಆಮ್ಲಗಳು. ಕಲಿಯೂ ಹುದುಗಿದ್ದೇ, ಬಟ್ಟಿ ಇಳಿಸದ್ದೇ. ಬೆಳಿಗ್ಗೆ ಸಿಹಿಯಾಗಿದ್ದದ್ದು ಸಂಜೆಗೆ ಹುಳಿಯಾಗುವುದು ಅದರಲ್ಲಿ ಆಮ್ಲ ಬೆಳೆದದ್ದಕ್ಕೆ.

ಹಾಗಾದ್ರೆ ದ್ರಾಕ್ಷಿ ಸಿಪ್ಪೆಯ ಪಾಲಿಫಿನಾಲ್? ಪ್ರಯೋಗಾಲಯದ ಇಲಿಗಳಲ್ಲಿ ಅದು ಜಠರದ ಗೋಡೆಯನ್ನು ಸ್ವಲ್ಪ ಕಾಪಾಡಿದ್ದು ಹೌದು. ಆದರೆ ಗ್ಲಾಸಿನಲ್ಲಿ ಅದು ಒಂಟಿಯಾಗಿ ಬರುವುದಿಲ್ಲವಲ್ಲ! ಅದು ಬೇಕಿದ್ದರೆ ದ್ರಾಕ್ಷಿ ತಿನ್ನಿ. ಇನ್ನು ಗೇರುಹಣ್ಣಿನ ಫೆನಿಯಲ್ಲಿ "ಹಣ್ಣಿನ ಗುಣ" ಹುಡುಕುವವರಿಗೆ ಒಂದು ಮಾತು: ಗಂಟಲು ಕೆರೆಯುವ ಆ ಒಗರಿನ ಟ್ಯಾನಿನ್ ಆವಿಯಾಗುವುದಿಲ್ಲ, ಬಟ್ಟಿಯ ಪಾತ್ರೆಯಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಓದಲು ಕೂತದ್ದು ನನ್ನ ಚಿಕ್ಕಪ್ಪನ ಮಗನಿಂದಾಗಿ. ಐಟಿ ಕೆಲಸ, ವಯಸ್ಸು 29. ಶನಿವಾರ ರಾತ್ರಿ ಬಿಯರ್, ಭಾನುವಾರ ತಲೆನೋವಿಗೆ ಐಬುಪ್ರೊಫೇನ್. ಎದೆ ಉರಿದರೆ "ಗ್ಯಾಸ್ಟ್ರಿಕ್ ಅಷ್ಟೇ" ಅಂತ ಒಂದು ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದ. ಒಂದು ಬೆಳಿಗ್ಗೆ ಮಲ ಡಾಂಬರಿನ ಹಾಗೆ ಕಪ್ಪು, ಎದ್ದು ನಿಂತರೆ ತಲೆ ಸುತ್ತು. ಆಸ್ಪತ್ರೆಗೆ ಓಡಿದರು. ಎಂಡೋಸ್ಕೋಪಿಯಲ್ಲಿ ಕಂಡದ್ದು ರಕ್ತ ಒಸರುವ ಹುಣ್ಣು. ಚಿಕ್ಕಮ್ಮ ಮಾತ್ರ ಡಾಕ್ಟರಿಗೆ ಹೇಳುತ್ತಲೇ ಇದ್ದರು, "ಅವ ಹಾರ್ಡ್ ಮುಟ್ಟುವವನೇ ಅಲ್ಲ ಸರ್."

ಡಾಕ್ಟರು ಬೈಯಲಿಲ್ಲ, ವಿವರಿಸಿದರು. ಲೋಳೆಯ ಪದರ ಗಟ್ಟಿಯಾಗಿರಲು ಪ್ರೊಸ್ಟಾಗ್ಲಾಂಡಿನ್ ಬೇಕು. ಐಬುಪ್ರೊಫೇನ್, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳು ಅದನ್ನೇ ತಗ್ಗಿಸುತ್ತವೆ. ಅದರ ಮೇಲೆ ಮದ್ಯವೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಜೊತೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಪರೀಕ್ಷೆಯನ್ನೂ ಬರೆದರು. ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಅದು; ಕಂಡುಹಿಡಿದ ಮಾರ್ಷಲ್, ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಸಿಕ್ಕಿದೆ. ಇವನಲ್ಲಿ ಅದೂ ಇತ್ತು. ಎರಡು ವಾರ ಆಂಟಿಬಯೋಟಿಕ್, ಬಿಯರ್ ಬಂದ್, ನೋವಿನ ಮಾತ್ರೆಯೂ ಬಂದ್.

ಕಪ್ಪು ಮಲ, ಕಾಫಿ ಗಸಿಯಂಥ ವಾಂತಿ: ಇವೆರಡರಲ್ಲಿ ಯಾವುದು ಕಂಡರೂ ಗ್ಯಾಸ್ಟ್ರಿಕ್ ಮಾತ್ರೆ ಹುಡುಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಕುಡಿದದ್ದು ಏನು, ನುಂಗಿದ್ದು ಯಾವ ಮಾತ್ರೆ, ಎರಡನ್ನೂ ಡಾಕ್ಟರಿಗೆ ಹೇಳಿ, ಅಮ್ಮ ಪಕ್ಕದಲ್ಲೇ ಇದ್ದರೂ.