ಕೈಗುಣ ಮತ್ತು ಸಾವಿನ ಲೆಕ್ಕ

ದೇವಸಮುದ್ರದ ಸೀಮೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮನೆಯವರು ಮೊದಲು ವಿಚಾರಿಸುವುದು ಒಳ್ಳೆಯ ಕೈಗುಣವುಳ್ಳ ವೈದ್ಯರು ಯಾರೆಂದು. ಸೂಜಿಯಲ್ಲಿರುವ ಔಷಧ ಯಾವುದೆಂದು ಕೇಳುವವರು ವಿರಳ. ಕೇಳಿದರೆ ಅವಿಶ್ವಾಸದ ಮಾತಾದೀತೆಂಬ ಸಂಕೋಚ. ವೈದ್ಯನಲ್ಲಿ ನಾರಾಯಣನನ್ನು ಕಂಡ ನಾಡು ನಮ್ಮದು. ಈ ನಂಬಿಕೆಯಿಲ್ಲದೆ ಚಿಕಿತ್ಸೆ ನಡೆಯದೆಂಬುದು ನಿಜ. ಆದರೆ ಆ ನಂಬಿಕೆಯನ್ನೇ ಆಯುಧವಾಗಿ ಮಾಡಿಕೊಂಡು ರೋಗಿಗಳನ್ನು ಕೊಂದವರೂ ಲೋಕದಲ್ಲಿ ಆಗಿಹೋಗಿದ್ದಾರೆ. ಭಾನುವಾರದ ಪುಟಕ್ಕೆ ಇದು ಅಪ್ರಿಯವಾದ ವಿಷಯ. ಆದರೂ ಮೌನವಾಗಿರುವುದು ಯುಕ್ತವೆಂದು ನಮಗೆ ತೋರಲಿಲ್ಲ.

ಇಂಗ್ಲೆಂಡಿನ ಹೈಡ್ ಎಂಬ ಸಣ್ಣ ಪಟ್ಟಣದಲ್ಲಿ ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯನಿದ್ದನು. ಮನೆಗೇ ಬಂದು ನೋಡುವ, ಮುದುಕಿಯರ ಮಾತನ್ನು ತಾಳ್ಮೆಯಿಂದ ಕೇಳುವ ವೈದ್ಯನೆಂದು ಅವನಿಗೆ ಹೆಸರು. ನೋವನ್ನು ಶಮನಗೊಳಿಸುವ ಡಯಮಾರ್ಫಿನ್ ಎಂಬ ಔಷಧವನ್ನು ಅತಿಯಾದ ಪ್ರಮಾಣದಲ್ಲಿ ಚುಚ್ಚಿ ಅವನು ತನ್ನ ರೋಗಿಗಳನ್ನೇ ಕೊಲ್ಲುತ್ತಿದ್ದನು. 2000ದ ಜನವರಿಯಲ್ಲಿ 15 ಕೊಲೆಗಳು ನ್ಯಾಯಾಲಯದಲ್ಲಿ ಸಿದ್ಧವಾದವು. ಜಾನೆಟ್ ಸ್ಮಿತ್ ಅವರ ನೇತೃತ್ವದ ವಿಚಾರಣಾ ಆಯೋಗವು 2002ರ ತನ್ನ ಮೊದಲ ವರದಿಯಲ್ಲಿ 215 ಮಂದಿಯನ್ನು ಅವನು ಕೊಂದನೆಂದು ನಿರ್ಣಯಿಸಿತು. ಮೊದಲ ಕೊಲೆ 1975ರದು, ಕಡೆಯದು 1998ರದು.

ಇಪ್ಪತ್ತಮೂರು ವರ್ಷ ಇದು ನಡೆದದ್ದಾದರೂ ಹೇಗೆ? ಕೊಂದವನೇ ಮರಣಪತ್ರವನ್ನು ಬರೆಯುತ್ತಿದ್ದನು. ಇಲ್ಲದ ಹೃದ್ರೋಗವನ್ನು ರೋಗಿಯ ದಾಖಲೆಯಲ್ಲಿ ಹಿಂದಿನ ತಾರೀಖು ಹಾಕಿ ಸೇರಿಸುತ್ತಿದ್ದನು. ತನ್ನ ಕೃತ್ಯಕ್ಕೆ ತಾನೇ ಏಕಮಾತ್ರ ಸಾಕ್ಷಿ. ಸಂಶಯ ಮೂಡಿದ್ದು ದೊಡ್ಡ ಅಧಿಕಾರಿಗಳಿಗಲ್ಲ; ಶವಸಂಸ್ಕಾರದ ವ್ಯವಸ್ಥೆ ಮಾಡುವವರಿಗೆ, ತನ್ನ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಾಣೆಯಾದುದನ್ನು ಗಮನಿಸಿದ ಟ್ಯಾಕ್ಸಿ ಚಾಲಕನಿಗೆ, ನೆರೆಯ ಚಿಕಿತ್ಸಾಲಯದ ವೈದ್ಯೆ ಲಿಂಡಾ ರೆನಾಲ್ಡ್ಸ್ ಅವರಿಗೆ. ಆ ವೈದ್ಯೆ 1998ರ ಮಾರ್ಚಿಯಲ್ಲಿ ಬಾಯಿಬಿಟ್ಟು ಹೇಳಿದರು. ಪೊಲೀಸರು ಮೇಲುಮೇಲಿನ ತನಿಖೆ ನಡೆಸಿ ಏಪ್ರಿಲಿನಲ್ಲಿ ಕಡತವನ್ನು ಮುಚ್ಚಿದರು. ಆ ಬಳಿಕ ಇನ್ನೂ ಮೂವರು ಸತ್ತರು. ಕಡೆಗೆ, ತೀರಿಹೋದ ವೃದ್ಧೆಯೊಬ್ಬರ ಹೆಸರಿನಲ್ಲಿ ಅವನು ಸೃಷ್ಟಿಸಿದ ಸುಳ್ಳು ಮರಣಶಾಸನವನ್ನು ಆಕೆಯ ಮಗಳು ಗುರುತಿಸಿದ್ದರಿಂದ ಅವನು ಸಿಕ್ಕಿಬಿದ್ದನು.

ಜರ್ಮನಿಯ ಶುಶ್ರೂಷಕ ನೀಲ್ಸ್ ಹೋಗೆಲ್‌ನ ಕಥೆ ಇನ್ನೊಂದು ಬಗೆಯದು. ಓಲ್ಡೆನ್‌ಬರ್ಗ್ ಆಸ್ಪತ್ರೆಯಲ್ಲಿ ಅವನ ಮೇಲೆ ಅನುಮಾನ ಹುಟ್ಟಿತ್ತು. ಆದರೂ ಅವನು ಒಳ್ಳೆಯ ಪ್ರಶಂಸಾಪತ್ರ ಪಡೆದು ಡೆಲ್ಮೆನ್‌ಹಾರ್ಸ್ಟ್ ಆಸ್ಪತ್ರೆಗೆ ಹೋದನು, ಅಲ್ಲಿಯೂ ಕೊಂದನು. 2019ರಲ್ಲಿ 85 ಕೊಲೆಗಳಿಗಾಗಿ ಅವನಿಗೆ ಶಿಕ್ಷೆಯಾಯಿತು. ಸಂಸ್ಥೆಯ ಮಾನ ಉಳಿಸಲು ಹೊರಟವರು ಜನರ ಪ್ರಾಣವನ್ನು ಅಡವಿಟ್ಟರು.

ಇವೆಲ್ಲ ದೂರದೇಶದ ವೃತ್ತಾಂತಗಳೆಂದು ನಾವು ಸುಮ್ಮನಿರಬಹುದೆ? ಅಲ್ಲಿ ಲೆಕ್ಕವಿದ್ದುದರಿಂದ, ತಡವಾಗಿಯಾದರೂ, ಪಾಪ ಬಯಲಾಯಿತು. ನಮ್ಮಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ನೂರಕ್ಕೆ ಸುಮಾರು 22 ಮಾತ್ರ. ಉಳಿದವರ ಪಾಲಿಗೆ "ವಯಸ್ಸಾಗಿತ್ತು", "ಎದೆನೋವು ಬಂತು", "ಋಣ ತೀರಿತು" ಎಂಬ ಮಾತುಗಳೇ ಮರಣಪತ್ರ. 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ, ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ ತಾಯಂದಿರು ಒಬ್ಬರ ಹಿಂದೊಬ್ಬರು ಅಸುನೀಗಿದರು. ಅದು ಕೊಲೆಯಲ್ಲ, ಶಂಕೆ ಬಿದ್ದದ್ದು ಸಿರೆಗೆ ಹನಿಸಿದ ದ್ರಾವಣದ ಮೇಲೆ, ಸರ್ಕಾರವು ಅದರ ಬಳಕೆಯನ್ನು ತಡೆಯಿತು. ಸಾವುಗಳು ಗುಂಪಾಗಿ ಬಂದುದರಿಂದ ನಾಡಿನ ಕಣ್ಣಿಗೆ ಬಿದ್ದವು. ತಿಂಗಳಿಗೊಂದರಂತೆ, ಹಳ್ಳಿಗೊಂದರಂತೆ ಹಂಚಿಹೋಗಿದ್ದರೆ ಯಾರು ಕೇಳುತ್ತಿದ್ದರು?

ಹಾಗೆಂದು ಬಿಳಿಯ ಅಂಗಿ ತೊಟ್ಟವರನ್ನೆಲ್ಲ ಸಂಶಯದಿಂದ ನೋಡಿರೆಂದು ನಾವು ಹೇಳುತ್ತಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ರೋಗಿಯ ಮಲಮೂತ್ರ ಬಳಿದು ಕಾಪಾಡುವವರೂ ಅವರೇ. ಸಂಶಯವೂ ಕುರುಡಾಗಬಲ್ಲದು. ನೆದರ್‌ಲೆಂಡ್ಸಿನ ಶುಶ್ರೂಷಕಿ ಲೂಸಿಯಾ ಡಿ ಬರ್ಕ್ ಅವರ ಪಾಳಿಯಲ್ಲಿ ಹೆಚ್ಚು ಸಾವುಗಳಾದವೆಂಬ ತಪ್ಪು ಗಣಿತವೂ ಸೇರಿ, 2003ರಲ್ಲಿ ಆಕೆಗೆ ಆಜೀವ ಕಾರಾವಾಸ ವಿಧಿಸಲಾಯಿತು. 2010ರಲ್ಲಿ ಆಕೆ ನಿರ್ದೋಷಿಯೆಂದು ತೀರ್ಪಾಯಿತು. ಎಣಿಕೆ ವಿಚಾರಣೆಯ ಬಾಗಿಲನ್ನು ತೆರೆಯಬೇಕೇ ಹೊರತು ತಾನೇ ತೀರ್ಪಾಗಬಾರದು.

ಆದುದರಿಂದ ನಮ್ಮ ಬೇಡಿಕೆ ಸಣ್ಣದು. ಚಿಕಿತ್ಸೆ ಮಾಡಿದವನ ಹೊರತು ಇನ್ನೊಬ್ಬ ವೈದ್ಯನು ಪ್ರತಿಯೊಂದು ಸಾವಿನ ಕಾರಣವನ್ನೂ ನೋಡಲಿ. ಇಂಗ್ಲೆಂಡು ಇಂಥ ಏರ್ಪಾಟನ್ನು ಶಾಸನಬದ್ಧಗೊಳಿಸಿದ್ದು 2024ರ ಸೆಪ್ಟೆಂಬರಿನಲ್ಲಿ, ಶಿಪ್‌ಮನ್‌ನ ತೀರ್ಪಾಗಿ 24 ವರ್ಷ ಕಳೆದ ಮೇಲೆ. ನಾವು ಅಷ್ಟು ಕಾಯಬೇಕಾಗಿಲ್ಲ. ಆಸ್ಪತ್ರೆಯ ಆಯಾ, ದಾದಿ, ರೋಗಿಯ ಮನೆಯವರು "ಇದೇಕೋ ಸರಿಯಿಲ್ಲ" ಎಂದಾಗ ಕಿವಿಗೊಡುವವರೊಬ್ಬರು ಇರಲಿ. ಹೇಳಿದವರ ಅನ್ನಕ್ಕೆ ಕುತ್ತು ಬಾರದಿರಲಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಪ್ರಾಣಿಗಳ ವಿಷಯದಲ್ಲಿ ದೃಢವಾದ ಆದರವಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಎರಡು ವಿಧಿಗಳು ಅದರಲ್ಲಿ ಒಂದರ ಪಕ್ಕದಲ್ಲೊಂದು ನಿಂತಿವೆ. ಎರಡು ಸಾವಿರ ವರ್ಷಗಳಿಂದ ಈ ಸೀಮೆಯವರು ಆ ಬಂಡೆಯ ಬಳಿ ಹಾದುಹೋಗುತ್ತಿದ್ದಾರೆ. ಸತ್ತವರ ವಿಷಯದಲ್ಲಿ ಸತ್ಯ ನುಡಿಯದ ಕಡೆ ಬದುಕಿರುವವರ ಪ್ರಾಣಕ್ಕೆ ಕಾವಲಿಲ್ಲ. ವೈದ್ಯರ ಕೈಗುಣವನ್ನು ನಂಬೋಣ. ಲೆಕ್ಕವನ್ನು ಮಾತ್ರ ಇನ್ನೊಬ್ಬರ ಕೈಯಲ್ಲಿಡೋಣ.