ಕೆಜಿಎಫ್ ಕತೆಗಳು, ಭಾಗ 6: ‘ಕಟ್ಟಿದ ಧರ್ಮ’ ಅಂತ ನಗಬೇಡಿ

1/5
ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದು, ಕಮ್ಮಸಂದ್ರದ ಕೋಟಿಲಿಂಗದ ಮುಂದೆ ಸೆಲ್ಫಿ ತೆಗೆದು, ‘ಕೆಜಿಎಫ್‌ನಲ್ಲಿ ಗುಡಿ, ಚರ್ಚು, ಮಸೀದಿ ಎಲ್ಲಾ ಒಂದೇ ಊರಲ್ಲಿ, ಎಂಥಾ ಸಾಮರಸ್ಯ!’ ಅಂತ ರೀಲ್ ಹಾಕ್ತೀರಿ. ಹಾಕಿ, ತಪ್ಪಲ್ಲ. ಆದರೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನ ಬೌದ್ಧರನ್ನ ಯಾಕೆ ಬಿಟ್ಟುಬಿಡ್ತೀರಿ?

2/5
ಮದ್ರಾಸಿನ ಸಿದ್ಧವೈದ್ಯ ಅಯೋತಿ ದಾಸ ಪಂಡಿತರು (1845–1914) 1898ರಲ್ಲಿ ಕೊಲಂಬೊಗೆ ಹೋಗಿ ಬೌದ್ಧ ದೀಕ್ಷೆ ಪಡೆದರು. ವಾಪಸ್ ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ವಾರಪತ್ರಿಕೆ ಶುರು ಮಾಡಿದರು. ಆ ಸಂಘ ನಮ್ಮ ಗಣಿ ಲೈನ್‌ಗಳಿಗೂ ಬಂತು. ಸೇರಿದವರು ಉತ್ತರ ಆರ್ಕಾಟ್ ಕಡೆಯಿಂದ ಕೂಲಿಗೆ ಬಂದ ದಲಿತ ಕುಟುಂಬಗಳವರು. ಪಂಡಿತರು ತೀರಿಕೊಂಡ ಮೇಲೆ ಆ ಪತ್ರಿಕೆ ಕೆಜಿಎಫ್‌ನಿಂದಲೂ ಹೊರಬಂತು. ನೆನಪಿಡಿ, ಅಂಬೇಡ್ಕರರ ನಾಗಪುರ ದೀಕ್ಷೆ ಆಗಿದ್ದು 1956ರಲ್ಲಿ!

3/5
‘ಅದು ಹಳೇ ಬೌದ್ಧಧರ್ಮ ಅಲ್ಲ, ಹೊಸದಾಗಿ ಕಟ್ಟಿದ್ದು’ ಅಂತೀರಾ? ಹೌದು, ಕಟ್ಟಿದ್ದೇ. ದೀಪಾವಳಿ, ಪೊಂಗಲ್ ಬೌದ್ಧರ ಹಬ್ಬ ಅಂದರು. ತಿರುವಳ್ಳುವರ್, ಅವ್ವೈಯಾರ್ ನಮ್ಮವರು ಅಂದರು. ಅಸ್ಪೃಶ್ಯರು ಅನ್ನಿಸಿಕೊಂಡವರೇ ಮೂಲ ಬೌದ್ಧರು ಅಂದರು. ಈ ಚರಿತ್ರೆಯನ್ನೆಲ್ಲ ಇತಿಹಾಸಕಾರರು ಒಪ್ಪಲ್ಲ, ನಾನೂ ಪೂರ್ತಿ ಒಪ್ಪಲ್ಲ. ಆದರೆ ಯಾವ ಧರ್ಮ ಆಕಾಶದಿಂದ ರೆಡಿಯಾಗಿ ಬಿತ್ತು ಹೇಳಿ? ಕೇಳಬೇಕಾದ ಪ್ರಶ್ನೆ ಬೇರೆ: ಕಟ್ಟಿದ್ದು ಯಾರು, ಯಾತಕ್ಕೆ?

4/5
ಮಧ್ಯಮ ಮಾರ್ಗ, ಸಮತೋಲನ, ವಿಶ್ವಶಾಂತಿ ಅಂತ ಈಗ ಎಲ್ಲರೂ ಕ್ಯಾಪ್ಶನ್ ಹಾಕ್ತಾರೆ. ಮೂರು ಕಿಲೋಮೀಟರ್ ಆಳಕ್ಕಿಳಿದು ಚಿನ್ನ ತೆಗೆದವನಿಗೆ ತಕ್ಕಡಿ ಅಂದ್ರೆ ಏನು ಅಂತ ನಿಮಗಿಂತ ಚೆನ್ನಾಗಿ ಗೊತ್ತಿತ್ತು. ಚಿನ್ನವನ್ನ ಗುಲಗಂಜಿ ಲೆಕ್ಕದಲ್ಲಿ ತೂಗೋ ಲೋಕ, ಅವನನ್ನ ಮಾತ್ರ ಜಾತಿಯಲ್ಲಿ ತೂಗ್ತಿತ್ತು. ಅವನು ಬುದ್ಧನ ಹತ್ತಿರ ಹೋಗಿದ್ದು ಮನಶ್ಶಾಂತಿಗಷ್ಟೇ ಅಲ್ಲ, ಮರ್ಯಾದೆಗೆ. ಒಂದು ತಟ್ಟೆ ನೆಲಕ್ಕೆ ತಾಗಿ ಕೂತಿರುವಾಗ ‘ಎಲ್ಲರೂ ಹೊಂದಿಕೊಂಡು ಹೋಗೋಣ’ ಅನ್ನೋದು ಸಾಮರಸ್ಯ ಅಲ್ಲ ಸ್ವಾಮಿ, ‘ಸುಮ್ಮನಿರು’ ಅನ್ನೋದಕ್ಕೆ ಇನ್ನೊಂದು ಹೆಸರು.

5/5
2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಿನಿಮಾ ಬಂತು, ರೀಲ್‌ಗಳು ಬಂದವು. ಬಂಗಲೆ, ಕ್ಲಬ್ಬು, ಸಯನೈಡ್ ದಿಬ್ಬ ಎಲ್ಲಾ ವೈರಲ್. ಆದರೆ ಪಾಳಿ ಮುಗಿಸಿ ಬಂದು ಓದಿ, ವಾದ ಮಾಡಿ, ತಮಗೊಂದು ಧರ್ಮ ಕಟ್ಟಿಕೊಂಡವರು ಎಲ್ಲೂ ಕಾಣಲ್ಲ.

ಮುಂದಿನ ಸಲ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ. ಲೈನ್‌ಮನೆಗಳ ಹಿರಿಯರ ಹತ್ತಿರ ಕೂತು ಕೇಳಿ. ಫೋಟೊ ಆಮೇಲೆ ತೆಗೀರಿ.

ನಿಮ್ಮ ಅಜ್ಜ-ಅಜ್ಜಿ ಹೇಳಿದ ನೆನಪು ಇದ್ರೆ ಕೆಳಗೆ ಬರೀರಿ. ಒಪ್ಪದಿದ್ರೂ ಬರೀರಿ, ವಾದ ಮಾಡೋಣ.

#ಕೆಜಿಎಫ್ #ಬಂಗಾರಪೇಟೆ #ಮಾರಿಕುಪ್ಪಂ #ಅಯೋತಿದಾಸ