ಅಪ್ಪಣೆ ಕೇಳಿದವನೇ ಅಪರಾಧಿಯೇ?

ಕರಾವಳಿಯ ಪಟ್ಟಣವೊಂದರಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದಾರೆ. ಸುಮಾರು ಇಪ್ಪತ್ತು ವರ್ಷಗಳ ಕಾಲ ಕೊಲ್ಲಿ ರಾಷ್ಟ್ರದ ಉದ್ಯಾನಗಳಲ್ಲಿ ದುಡಿದು, ಅನ್ಯರ ಅಂಗಳಗಳಲ್ಲಿ ಹಸಿರು ಬೆಳೆಸಿ, ಕೊನೆಗೊಮ್ಮೆ ಊರಿಗೆ ಮರಳಿದವರು. ಹೇಳಿಕೊಳ್ಳುವಂತಹ ಉಳಿತಾಯವೇನೂ ಅವರಲ್ಲಿರಲಿಲ್ಲ. ಇದ್ದುದು ಹತ್ತು ಸೆಂಟ್ಸ್ ಜಾಗ, ಅದರಲ್ಲೊಂದು ಪುಟ್ಟ ಮನೆ ಮತ್ತು ಗಿಡಗಳ ಗುಣವನ್ನು ಬಲ್ಲ ಎರಡು ಕೈಗಳು. ಮನೆಯ ಮಗ್ಗುಲಿನ ಖಾಲಿ ಜಾಗದಲ್ಲಿ ಹಸಿರು ನೆಟ್ ಕಟ್ಟಿ, ಮಲ್ಲಿಗೆ, ದಾಸವಾಳ, ಕ್ರೋಟನ್, ಕಸಿ ಮಾವು, ಅಡಿಕೆ ಸಸಿಗಳನ್ನು ಬೆಳೆಸಿ ಮಾರೋಣವೆಂದು ಅವರೂ ಅವರ ಪತ್ನಿಯೂ ನಿರ್ಧರಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಅವರೊಂದು ‘ತಪ್ಪು’ ಮಾಡಿದರು. ನರ್ಸರಿ ಆರಂಭಿಸುವುದಕ್ಕೆ ಮೊದಲೇ ಅನುಮತಿ ಕೇಳಲು ಹೋದರು.

ಉದ್ದಿಮೆ ಪರವಾನಗಿಗೆಂದು ಹೋದ ಕಚೇರಿಯಲ್ಲಿ, ‘ಇದು ವಸತಿ ವಲಯ, ಇಲ್ಲಿ ವ್ಯಾಪಾರಕ್ಕೆ ಅವಕಾಶವಿಲ್ಲ. ಮೊದಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ತನ್ನಿ’ ಎಂದರು. ಪ್ರಾಧಿಕಾರದ ಒಂದು ಮೇಜಿನಲ್ಲಿ, ‘ಗಿಡ ಬೆಳೆಸುವುದು ಕೃಷಿಯಲ್ಲವೇ, ನಮ್ಮನ್ನೇಕೆ ಕೇಳುತ್ತೀರಿ?’ ಎಂದರು. ಇನ್ನೊಂದು ಮೇಜಿನಲ್ಲಿ, ‘ಮಾರಾಟವಿದ್ದರೆ ಅದು ವಾಣಿಜ್ಯ, ಭೂಬಳಕೆ ಬದಲಾವಣೆ ಮಾಡಿಸಬೇಕು’ ಎಂದರು. ಹೀಗೆ ಓಡಾಡುತ್ತಿರುವಾಗಲೇ ಒಂದು ಮಳೆಗಾಲ ಕಳೆದುಹೋಯಿತು. ಸಸಿ ಮಾರುವವನಿಗೆ ಮಳೆಗಾಲವೆಂದರೆ ಇಡೀ ವರ್ಷದ ಸುಗ್ಗಿ. ಅದೇ ಅವಧಿಯಲ್ಲಿ ಅದೇ ಬೀದಿಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಗ್ಯಾರೇಜೊಂದು ತೆರೆದುಕೊಂಡಿತು. ‘ಕಾಕಾ, ನೀವು ಕೇಳಲಿಕ್ಕೆ ಯಾಕೆ ಹೋದಿರಿ? ಸುಮ್ಮನೆ ಶುರು ಮಾಡಬೇಕಿತ್ತು’ ಎಂದು ನೆರೆಯ ಯುವಕನೊಬ್ಬ ಬುದ್ಧಿ ಹೇಳಿದನಂತೆ. ನನ್ನನ್ನು ಹೆಚ್ಚು ಕಾಡಿದ್ದು ಅಧಿಕಾರಿಗಳ ಮಾತಲ್ಲ, ಈ ಯುವಕನ ಮಾತು. ಕಾನೂನನ್ನು ಗೌರವಿಸುವುದು ದಡ್ಡತನವೆಂದು ನಮ್ಮ ಮಕ್ಕಳು ಕಲಿಯುತ್ತಿದ್ದಾರೆಂದರೆ ಅದನ್ನು ಕಲಿಸುತ್ತಿರುವವರು ಯಾರು?

ನರ್ಸರಿಯ ವಿಷಯದಲ್ಲಿ ಕಾನೂನುಗಳೇ ಪರಸ್ಪರ ಮುಖ ತಿರುಗಿಸಿಕೊಂಡಿವೆ. ನರ್ಸರಿಯಲ್ಲಿ ಬೆಳೆಸಿದ ಸಸಿಗಳಿಂದ ಬರುವ ಆದಾಯವು ಕೃಷಿ ಆದಾಯವೆಂದು 2008ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾನೂನಿನಲ್ಲಿ ಸ್ಪಷ್ಟಪಡಿಸಲಾಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಜೀವಂತ ಗಿಡ ಮತ್ತು ಸಸಿಗಳನ್ನು ತೆರಿಗೆಯಿಂದ ಹೊರಗಿಡಲಾಯಿತು. ಅಂದರೆ ತೆರಿಗೆ ಇಲಾಖೆಯ ಕಣ್ಣಿಗೆ ಇವರು ಕೃಷಿಕರು. ಆದರೆ ಪಟ್ಟಣದ ನಕ್ಷೆಯ ಮುಂದೆ ನಿಂತಾಗ ಅವರೇ ವ್ಯಾಪಾರಿಗಳಾಗುತ್ತಾರೆ. ಇನ್ನೂ ದೊಡ್ಡ ವಿಪರ್ಯಾಸವೊಂದಿದೆ. ನಮ್ಮ ಪಟ್ಟಣಗಳಲ್ಲಿ ಮನೆ ಕಟ್ಟಿರುವ ಎಷ್ಟೋ ನಿವೇಶನಗಳು ಹಿಂದೆ ಗದ್ದೆ ಅಥವಾ ತೋಟಗಳಾಗಿದ್ದವು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಶುಲ್ಕ ತೆತ್ತು ಅವುಗಳನ್ನು ಕೃಷಿಯೇತರ ಜಮೀನಾಗಿ ಪರಿವರ್ತಿಸಲಾಯಿತು. ಗದ್ದೆಯಲ್ಲಿ ಮನೆ ಕಟ್ಟಲು ಶುಲ್ಕ ತೆತ್ತವನು ಇಂದು ಮನೆಯಂಗಳದಲ್ಲಿ ಗಿಡ ಬೆಳೆಸಿ ಮಾರಲು ಮತ್ತೆ ಶುಲ್ಕ ತೆರಬೇಕಾಗಿದೆ!

ಹಾಗೆಂದು ವಲಯ ನಿಯಮಗಳೇ ಬೇಡವೆಂದು ವಾದಿಸುವುದು ಅನ್ಯಾಯವಾದೀತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯು ಪಟ್ಟಣವನ್ನು ವಸತಿ, ವಾಣಿಜ್ಯ, ಕೈಗಾರಿಕೆ ಎಂದು ವಿಭಾಗಿಸಲು ಹೇಳಿರುವುದರ ಹಿಂದೆ ಸದುದ್ದೇಶವಿದೆ. ಮನೆಯೆಂಬುದು ವಿಶ್ರಾಂತಿಯ ಸ್ಥಳ. ಅಲ್ಲಿ ಹಸುಳೆಗಳು ಮಲಗುತ್ತವೆ, ವೃದ್ಧರು ದಿನ ಕಳೆಯುತ್ತಾರೆ. ನರ್ಸರಿಯೂ ಸಂಪೂರ್ಣ ನಿರುಪದ್ರವಿಯಲ್ಲ. ಕುಂಡಗಳಲ್ಲೂ ತೊಟ್ಟಿಗಳಲ್ಲೂ ವಾರಗಟ್ಟಲೆ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಹುಟ್ಟುತ್ತದೆ. ಗೊಬ್ಬರದ ರಾಶಿ ವಾಸನೆ ಬೀರುತ್ತದೆ. ಕೀಟನಾಶಕದ ಸಿಂಪಡಣೆ ಪಕ್ಕದ ಮನೆಯ ಕಿಟಕಿಯನ್ನು ತಲುಪುತ್ತದೆ. ಸಸಿ ಹೇರಿಕೊಂಡು ಬರುವ ಟೆಂಪೋ ಇಕ್ಕಟ್ಟಾದ ಓಣಿಯನ್ನು ಮುಚ್ಚುತ್ತದೆ. ಬೇಸಿಗೆಯಲ್ಲಿ ಇಡೀ ಬೀದಿ ಕೊಡ ಹಿಡಿದು ನಿಂತಿರುವಾಗ ನಳ್ಳಿ ನೀರನ್ನು ಗಿಡಗಳಿಗೆ ಹರಿಸಿದರೆ ಯಾರು ತಾನೇ ಸಹಿಸಿಯಾರು? ನೆರೆಯವರ ಹಕ್ಕನ್ನು ತುಳಿದು ಗಳಿಸುವ ಸಂಪಾದನೆ ಯಾವ ಧರ್ಮದ ತಕ್ಕಡಿಯಲ್ಲೂ ತೂಗಲಾರದು.

ಆದರೆ ಈ ಎಲ್ಲ ತೊಂದರೆಗಳಿಗೂ ಷರತ್ತುಗಳ ಮೂಲಕ ಪರಿಹಾರವಿದೆ. ಭೂಬಳಕೆ ಬದಲಾವಣೆಯಲ್ಲಿ ಅದಿಲ್ಲ. ಇಲ್ಲಿಯೇ ನಮ್ಮ ವ್ಯವಸ್ಥೆ ಎಡವುತ್ತಿದೆ. ಮೇಲಿನ ಕಾಯ್ದೆಯ 14ಎ ಕಲಂ ಪ್ರಕಾರ ಭೂಬಳಕೆ ಬದಲಾಯಿಸಬೇಕಾದರೆ ಅದು ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳಿಗೆ ಕನಿಷ್ಠ 15 ದಿನಗಳ ಕಾಲಾವಕಾಶ ನೀಡಬೇಕು. ದೊಡ್ಡ ಕಟ್ಟಡಗಳ ವಿಷಯದಲ್ಲಿ ಇದು ಸರಿಯಾದ ವಿಧಾನವೇ. ಆದರೆ ಒಮ್ಮೆ ಜಮೀನು ‘ವಾಣಿಜ್ಯ’ವೆಂದು ಬದಲಾದರೆ ಆ ಮುದ್ರೆ ಅಂಟುವುದು ಜಮೀನಿಗೇ ಹೊರತು ವ್ಯಕ್ತಿಗಲ್ಲ. ಇಂದು ಸಸಿ ಮಾರಿದವನು ನಾಳೆ ಜಾಗ ಮಾರಿದರೆ, ಕೊಂಡವನು ಅಲ್ಲಿ ಮಳಿಗೆಗಳ ಸಾಲನ್ನೇ ಎಬ್ಬಿಸಲು ಮುಂದಾಗಬಹುದು. ನೆರೆಹೊರೆಯವರು ಹೆದರುವುದು ಮಲ್ಲಿಗೆ ಗಿಡಕ್ಕಲ್ಲ, ಇದಕ್ಕೆ. ಹತ್ತು ಸೆಂಟ್ಸಿನ ಬಡವನಿಗೂ ಬಹುಮಹಡಿ ಸಂಕೀರ್ಣದ ಒಡೆಯನಿಗೂ ಒಂದೇ ಬಾಗಿಲನ್ನು ತೋರಿಸಿದರೆ ಬಡವನು ಒಳಗೆ ಹೋಗಲಾರ, ನೆರೆಯವನು ನೆಮ್ಮದಿಯಿಂದಿರಲಾರ.

ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ನಮ್ಮ ಪಟ್ಟಣಗಳ ಮಹಾಯೋಜನೆಯೊಂದಿಗೆ ವಲಯ ನಿಯಮಾವಳಿಯೂ ಇರುತ್ತದೆ. ಅದರಲ್ಲಿ ಪ್ರತಿ ವಲಯಕ್ಕೂ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಒಂದು, ನೇರವಾಗಿ ಅನುಮತಿಸಲಾದ ಬಳಕೆಗಳದ್ದು. ಇನ್ನೊಂದು, ವಿಶೇಷ ಸಂದರ್ಭಗಳಲ್ಲಿ ಪ್ರಾಧಿಕಾರವು ಅನುಮತಿಸಬಹುದಾದ ಬಳಕೆಗಳದ್ದು. ಊರಿಂದೂರಿಗೆ ಪಟ್ಟಿ ಬೇರೆಯಾಗಬಹುದು. ಆದ್ದರಿಂದ ಭೂಬಳಕೆ ಬದಲಾವಣೆಯ ಮಾತಿಗೆ ಬೆದರುವ ಮುನ್ನ ಈ ಎರಡು ಪಟ್ಟಿಗಳನ್ನು ಓದಬೇಕು. ಕಚೇರಿಯಲ್ಲಿ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಲೇಬೇಕು. ಯಾವ ಅರ್ಜಿಯನ್ನೂ ಬಾಯಿಮಾತಿನಲ್ಲಿ ಮುಗಿಸಬಾರದು. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು, ತಿರಸ್ಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ನಮ್ಮ ಹಿರಿಯರು ಒಂದು ಮಳೆಗಾಲವನ್ನು ಕಳೆದುಕೊಂಡದ್ದು ಮೇಜಿನಿಂದ ಮೇಜಿಗೆ ದಾಟಿದ ಬಾಯಿಮಾತುಗಳಲ್ಲಿಯೇ.

ಇನ್ನು ಸರಕಾರದ ನೈತಿಕತೆಯ ಪ್ರಶ್ನೆ. ನಿಯಮ ಮೀರಿ ಕಟ್ಟಿದ ಕಟ್ಟಡಗಳನ್ನು ದಂಡ ಪಡೆದು ಸಕ್ರಮಗೊಳಿಸಲು ನಮ್ಮ ರಾಜ್ಯವು ಇದೇ ಯೋಜನಾ ಕಾಯ್ದೆಗೆ ತಿದ್ದುಪಡಿ ತಂದಿತು. 2014ರಲ್ಲಿ ‘ಅಕ್ರಮ-ಸಕ್ರಮ’ದ ನಿಯಮಗಳು ಹೊರಬಿದ್ದವು. ವಸತಿ ಕಟ್ಟಡಗಳಲ್ಲಿ ಶೇ. 50ರವರೆಗಿನ, ವಸತಿಯೇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ಮನ್ನಿಸುವ ಯೋಜನೆಯದು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ಆ ಯೋಜನೆಯ ಸರಿತಪ್ಪುಗಳೇನೇ ಇರಲಿ, ಅದು ಸಮಾಜಕ್ಕೆ ಕೊಟ್ಟ ಪಾಠ ಮಾತ್ರ ಸ್ಪಷ್ಟ. ಮೊದಲು ಕಟ್ಟಿದವನಿಗಾಗಿ ಸರಕಾರ ನಿಯಮ ರೂಪಿಸುತ್ತದೆ, ಮೊದಲು ಕೇಳಿದವನಿಗೆ ನಾಳೆ ಬಾ ಎನ್ನುತ್ತದೆ. ತಪ್ಪಿಗೆ ಕ್ಷಮೆಯ ದಾರಿಯನ್ನು ಹುಡುಕಿಕೊಡುವ ಆಡಳಿತಕ್ಕೆ ಪ್ರಾಮಾಣಿಕತೆಗೊಂದು ದಾರಿಯನ್ನು ತೋರಿಸಲು ಸಾಧ್ಯವಿಲ್ಲವೇ?

ಆ ದಾರಿ ಕಷ್ಟದ್ದೇನಲ್ಲ. ಮನೆಯವರೇ ನಡೆಸುವ ಸಣ್ಣ ವೃತ್ತಿಗಳಿಗೆ ವಸತಿ ವಲಯದಲ್ಲಿ ಷರತ್ತುಬದ್ಧ ಅನುಮತಿಯ ಪ್ರತ್ಯೇಕ ವರ್ಗವೊಂದಿರಲಿ. ಅನುಮತಿ ವ್ಯಕ್ತಿಗೆ ಸಿಗಲಿ, ಜಮೀನಿಗಲ್ಲ. ಅವಧಿ ಒಂದೋ ಎರಡೋ ವರ್ಷವಿರಲಿ. ನೀರು ನಿಲ್ಲಿಸಬಾರದು, ಗೊಬ್ಬರ ಮುಚ್ಚಿಡಬೇಕು, ಸರಕು ವಾಹನಕ್ಕೆ ಗೊತ್ತಾದ ಹೊತ್ತು, ಕಾಲುದಾರಿಯಲ್ಲಿ ಒಂದು ಕುಂಡವೂ ಇರಬಾರದು ಎಂಬ ಷರತ್ತುಗಳಿರಲಿ. ಮುರಿದರೆ ಅನುಮತಿ ರದ್ದಾಗಲಿ. ಹೊಲಿಗೆ ಯಂತ್ರ ತುಳಿಯುವ ವಿಧವೆಗೂ, ಮನೆಯಲ್ಲೇ ಹಪ್ಪಳ ಒತ್ತುವ ತಾಯಂದಿರಿಗೂ ಇದರಿಂದ ಪ್ರಯೋಜನವಾದೀತು. ವಾರ್ಡಿನ ಸದಸ್ಯರ ಬಳಿ ನಾವು ಕೇಳಬೇಕಾದುದು ಒಬ್ಬನಿಗೆ ಶಿಫಾರಸನ್ನಲ್ಲ, ಎಲ್ಲರಿಗೂ ಅನ್ವಯಿಸುವ ಇಂತಹ ನಿಯಮವನ್ನು.

ಜೊತೆಗೆ ನಮ್ಮ ಆತ್ಮಾವಲೋಕನವೂ ಅಗತ್ಯ. ನಮ್ಮ ಮೊಹಲ್ಲಾಗಳಲ್ಲಿ ಅಂಗಡಿ ತೆರೆಯುವಾಗ ನೆರೆಯವರನ್ನು ಕೇಳುವವರು ಎಷ್ಟು ಮಂದಿ? ನೋಟಿಸು ಬಂದ ಬಳಿಕ ಪ್ರಭಾವಿಗಳ ಮನೆಗೆ ಧಾವಿಸುವುದು, ಕೈ ಬಿಸಿ ಮಾಡುವುದು, ಕೊನೆಗೆ ತಾರತಮ್ಯವೆಂದು ಗೋಳಿಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ತಾರತಮ್ಯ ಇಲ್ಲವೆಂದಲ್ಲ. ಆದರೆ ಕೈಯಲ್ಲಿ ಸರಿಯಾದ ಕಾಗದವಿರುವವನ ದೂರಿಗೆ ಬರುವ ಬಲವೇ ಬೇರೆ.

ನಮ್ಮ ಹಿರಿಯರು ಈಗ ಎಡಬಲದ ಮನೆಗಳವರ ಲಿಖಿತ ಒಪ್ಪಿಗೆಯೊಂದಿಗೆ, ಜಾಗದ ನಕ್ಷೆಯನ್ನಿಟ್ಟು, ವಿಶೇಷ ಅನುಮತಿಗಾಗಿ ಹೊಸ ಅರ್ಜಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಮಳೆಗಾಲದೊಳಗೆ ಅದು ಬರಲಿ. ಯಾಕೆಂದರೆ ಅಲ್ಲಿ ಕಾಯುತ್ತಿರುವುದು ಕೆಲವು ಸಸಿಗಳು ಮಾತ್ರವಲ್ಲ. ಕೇಳಿ ಮಾಡುವುದೇ ಸರಿಯಾದ ದಾರಿಯೆಂಬುದನ್ನು ಆ ನೆರೆಯ ಯುವಕ ಕಣ್ಣಾರೆ ಕಾಣಬೇಕಾಗಿದೆ.